ಒಳಮಡಿಕೆಯ ಎಳೆ

ಕಣ್ಣಿನ ಡಾಕ್ಟರು ಹೇಳಿದರು:
ಇಪ್ಪತ್ತು ನಿಮಿಷಕ್ಕೊಮ್ಮೆ ಸೂಜಿ ಕೆಳಗಿಟ್ಟು
ಹಸಿರೇನಾದರೂ ನೋಡಿ.

ದಾವಣಗೆರೆಯ ಚೌಕಿಪೇಟೆಯ ಈ ಸಂದಿಯಲ್ಲಿ
ಹಸಿರೆಂದರೆ ಎದುರಂಗಡಿಯ ಬೋರ್ಡು,
ಅದೂ ಅರ್ಧ ಬಣ್ಣ ಉದುರಿದ್ದು.

ಫೋಟೋ ಸ್ಟುಡಿಯೋ ಮುಚ್ಚಿದ ಶಿವಯೋಗಿ
ಬಿಟ್ಟುಹೋದ ಎರಡಡಿ ಗಾಜಿನ ತೊಟ್ಟಿ
ನನ್ನ ರಫು ಮಣೆಯ ಪಕ್ಕ ಬಂದು ಕೂತಿತು.
ಐದು ದಿನಕ್ಕೊಮ್ಮೆ ಬರುವ ಭದ್ರೆಯ ನೀರನ್ನು
ಬಕೆಟ್ಟಿನಲ್ಲಿ ಒಂದು ರಾತ್ರಿ ಮಲಗಿಸಿ
ಮರಳಿನ ಮೇಲೆ ಸುರಿದೆ.
ನಾಲ್ಕು ಗಪ್ಪಿ ಮೀನು, ಮೂರು ಗಿಡ.
ಗೆಡ್ಡೆ ಕಾಣದಂತೆ ಚೆನ್ನಾಗಿ ಹೂತೆ,
ಒಪ್ಪವಾಗಿ, ಒಳಹೊಲಿಗೆಯ ಹಾಗೆ.

ಎಲೆ ಕರಗತೊಡಗಿತು, ನೆನೆದ ಕಾಗದ.
ಗಾಜಿಗೆಲ್ಲ ಪಾಚಿ.
ಹಸಿರೇನೋ ಹೌದು,
ಡಾಕ್ಟರು ಹೇಳಿದ್ದು ಇದಲ್ಲವಲ್ಲ.

ಮೀನಂಗಡಿ ಉಜ್ಜಿನಪ್ಪ
ಮೊಣಕಾಲು ಹರಿದ ಪ್ಯಾಂಟು ತಂದವನು
ಟೀ ಕುಡಿಯುತ್ತಾ ಬಗ್ಗಿ ನೋಡಿದ.
‘ಉಸಿರು ಕಟ್ಟಿಸೀರಲ್ರೀ ದಸ್ತಗೀರ್ ಸಾಬ್ರೇ,
ಇದನ್ನ ಹೂಳಬಾರದು, ಕಲ್ಲಿಗೆ ಕಟ್ಟಬೇಕು.
ಹನ್ನೆರಡು ತಾಸು ಟ್ಯೂಬ್‌ಲೈಟು ಉರಿಸಿದ್ರೆ
ಪಾಚಿ ಬರದೆ ಪಾರಿಜಾತ ಬರ್ತದಾ?’

ಕಪ್ಪು ದಾರದಲ್ಲಿ ಕಲ್ಲಿಗೆ ಕಟ್ಟಿದೆ,
ಗಂಟು ಕಾಣದ ಹಾಗೆ.
ಯಾರು ನೋಡುತ್ತಾರೆ? ಮೀನು.
ಟ್ಯೂಬ್‌ಲೈಟು ನನ್ನ ಅನ್ನ, ಆರಿಸಲಾರೆ;
ಮಧ್ಯಾಹ್ನ ಮೂರಾದರೆ ತೊಟ್ಟಿಗೆ ಹೊದಿಸಿದೆ
ಯಾವನೋ ಮದುವೆಗೆಂದು ಕೊಟ್ಟು
ಒಯ್ಯದೇ ಬಿಟ್ಟ ಕೋಟು.

ಪಾಚಿ ಹಿಂದೆಗೆಯಿತು.
ಆದರೆ ತೂತು.

ದೊಡ್ಡ ಎಲೆಗಳಲ್ಲಿ, ಹಳೆಯವುಗಳಲ್ಲಿ ಮಾತ್ರ,
ಊದುಬತ್ತಿ ತಾಗಿದ ರೇಷ್ಮೆಯಂತೆ,
ಸುತ್ತ ಹಳದಿ ಅಂಚು.
ನಲವತ್ತು ವರ್ಷದಿಂದ ಅಂಚು ನೋಡಿ ಹೇಳುತ್ತೇನೆ
ಇಲಿಯದೋ, ಮೊಳೆಯದೋ, ಬೀಡಿ ಕಿಡಿಯದೋ,
ಗಂಡನಿಗೆ ಹೇಳದೆ ಮುಚ್ಚಿಟ್ಟ ಇಸ್ತ್ರಿಯದೋ.
ಇದು ಯಾರದು?
ಬಸವನಹುಳುವಿನ ಮೇಲೆ ಗುಮಾನಿಪಟ್ಟು
ಟಾರ್ಚು ಹಿಡಿದು ಒಂದಿಡೀ ರಾತ್ರಿ ಕಾದೆ.
ಪಾಪ, ಅದು ಗಾಜು ನೆಕ್ಕುತ್ತಿತ್ತು ಅಷ್ಟೆ.

‘ಯಾರೂ ತಿಂದಿಲ್ಲ ಬಿಡ್ರಿ,’ ಅಂದ ಉಜ್ಜಿನಪ್ಪ,
‘ನೀರಾಗೆ ಪೊಟ್ಯಾಷ್ ಸಾಲ್ದು.
ಹಳೆ ಎಲೆಯಿಂದ ಕಿತ್ತು
ಚಿಗುರಿಗೆ ಕಳಿಸ್ತಾ ಐತೆ ಗಿಡ.
ವಾರಕ್ಕೊಂದು ಚಿಟಿಕೆ ಹಾಕ್ರಿ.’
ಬಿಳಿ ಉಪ್ಪಿನ ಪೊಟ್ಟಣ ಮಣೆಯ ಮೇಲಿಟ್ಟ.

ನಾನು ಪೊಟ್ಟಣ ಮುಟ್ಟಲಿಲ್ಲ ಬಹಳ ಹೊತ್ತು.

ಹತ್ತಿಮಿಲ್ಲುಗಳ ಸೈರನ್ನು ಕೂಗುತ್ತಿದ್ದ ಕಾಲಕ್ಕೆ
ಇದೇ ಮಣೆಯ ಮೇಲೆ ಅಬ್ಬ ಕಲಿಸಿದ್ದರು:
ದಾರ ಪೇಟೆಯಲ್ಲಿ ಹುಡುಕಬೇಡ ಮಗನೇ,
ಬಣ್ಣ ಕೂಡಿದರೂ ವಯಸ್ಸು ಕೂಡುವುದಿಲ್ಲ.
ಒಳಮಡಿಕೆ ಬಿಚ್ಚು, ಯಾರೂ ನೋಡದ ಕಡೆಯಿಂದ
ನಾಲ್ಕು ಎಳೆ ಕದಿ,
ಎಲ್ಲರೂ ನೋಡುವ ಕಡೆ ನೇಯಿ.
ಕೋಟಿನ ಋಣ ಕೋಟೇ ತೀರಿಸಬೇಕು.

ಹಾಗಾದರೆ ಇಷ್ಟು ದಿನ
ನನ್ನ ಮೊಣಕೈ ಪಕ್ಕದಲ್ಲೇ, ನೀರೊಳಗೆ,
ಸೂಜಿಯಿಲ್ಲದೆ, ಗಿರಾಕಿಯಿಲ್ಲದೆ,
ಕನ್ನಡಕವೂ ಇಲ್ಲದೆ
ಇನ್ನೊಬ್ಬ ರಫುಗಾರ ಕೂತಿದ್ದನೇ?

‘ಉಪ್ಪು ಹಾಕಿದ ಮೇಲೆ ತೂತು ಮುಚ್ಚುತ್ತದಾ?’
‘ಇಲ್ರೀ. ಅದು ಹೋದದ್ದು ಹೋತು.
ಕತ್ತರಿಸಿಬಿಡ್ರಿ, ಗಿಡಕ್ಕೆ ಹಗುರ.’

ತೂತನ್ನು ಕತ್ತರಿಸಿ ಎಸೆಯುವುದಾದರೆ
ನಮ್ಮ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ.
ಆದರೂ ಕತ್ತರಿ ಕೈಯಲ್ಲೇ ಇತ್ತು.
ಒಂದೊಂದಾಗಿ, ಬುಡದಲ್ಲಿ,
ಕ್ಷಮೆ ಕೇಳಿದಂತೆ ಕತ್ತರಿಸಿದೆ.

ನಿನ್ನೆ ಗೆಡ್ಡೆಯ ತುದಿಗೆ
ಸುರುಳಿ ಸುತ್ತಿಕೊಂಡ ಒಂದು ಎಲೆ,
ಸೂಜಿಮೊನೆಯಷ್ಟು.
ಕನ್ನಡಕದ ನಂಬರು ಮತ್ತೆ ಏರಿದೆ,
ಆದರೂ ಮೊದಲು ನನಗೇ ಕಂಡಿತು.

ಹಳೆಯದೊಂದನ್ನು ಮಾತ್ರ ಬಿಟ್ಟಿದ್ದೇನೆ,
ನಡುವೆ ದೊಡ್ಡ ತೂತಿರುವುದನ್ನು.
ಉಜ್ಜಿನಪ್ಪ ಬಂದರೆ ಬೈಯುತ್ತಾನೆ.
ಅದರ ಹಿಂದೆ ಗಪ್ಪಿ ಹಾಯುವಾಗ
ತೂತಿಗೆ ಸರಿಯಾಗಿ ಒಂದು ಕೆಂಪು ತೇಪೆ,
ಅಂಚು ಕೂಡಿದ್ದು ಕಾಣುವುದೇ ಇಲ್ಲ,
ಅಬ್ಬನ ಕೈಯೂ ಹಾಗೆ ಮಾಡಿರಲಿಲ್ಲ.

ಎಷ್ಟಾಯಿತು ಎಂದು ಗಿರಾಕಿ ಕೇಳುವಷ್ಟರಲ್ಲಿ
ಇಲ್ಲ.